ನೋಡುವವರೂ ನೋಡಿಸಿಕೊಂಡವರೂ

ಮೂವತ್ತು ವರ್ಷ ಇತಿಹಾಸ ಪಾಠ ಹೇಳಿ ನಿವೃತ್ತನಾದ ಮೇಲೆ ಸುಮ್ಮನೆ ಕೂರಲಾರದೆ, ನಮ್ಮೂರಿನ ಒಂದು ವಿದ್ಯಾರ್ಥಿನಿಲಯದಲ್ಲಿ ಭಾನುವಾರದ ಬೆಳಗ್ಗೆ ಹುಡುಗರೊಡನೆ ಒಂದು ಗಂಟೆ ಮಾತನಾಡುವ ಕೆಲಸವನ್ನು ನಾನಾಗಿಯೇ ಮೈಮೇಲೆ ಎಳೆದುಕೊಂಡೆ. ಈಗಿನ ಹುಡುಗರು ಮಾತಿಗಿಂತ ಚಿತ್ರಕ್ಕೆ ಬೇಗ ಒಲಿಯುತ್ತಾರೆ. ಆದ್ದರಿಂದ ಎರಡು ಮೂರು ನಿಮಿಷದ ಕಿರುಚಿತ್ರವೊಂದನ್ನು ಗೋಡೆಯ ಮೇಲೆ ತೋರಿಸಿ, ಅನಂತರ ಮಾತಿಗೆ ತೊಡಗುವುದು ನನ್ನ ಪದ್ಧತಿಯಾಯಿತು. ಒಂದು ಭಾನುವಾರ ಮನಸ್ಸಿನ ಕಾಯಿಲೆಯ ವಿಷಯ ಎತ್ತಿಕೊಂಡೆ. ಪೀಠಿಕೆಗೆಂದು, ಊರಲ್ಲೆಲ್ಲ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಿದ್ದ ಒಂದು ವಿಡಿಯೊವನ್ನು ಆರಿಸಿದೆ. ನಮ್ಮ ಬಸ್ ನಿಲ್ದಾಣದ ಕಂಬಕ್ಕೊರಗಿ, ಗಾಳಿಯಲ್ಲಿ ಬಟ್ಟೆ ಅಳೆಯುವವನಂತೆ ಕೈಯಾಡಿಸುತ್ತ, ಕಾಣದ ಯಾರೊಡನೆಯೋ ವಾದಿಸುತ್ತಿದ್ದ ಒಬ್ಬ ಗಡ್ಡದ ಮನುಷ್ಯನನ್ನು ಯಾರೋ ಪಡ್ಡೆ ಹುಡುಗರು ಸೆರೆಹಿಡಿದದ್ದು. ತೋರಿಸಿದೆ. ಹುಡುಗರು ನಕ್ಕರು. ಆ ನಗೆಯನ್ನೇ ಹಿಡಿದು, “ನಕ್ಕಿರಲ್ಲ, ಏಕೆ ನಕ್ಕಿರಿ?” ಎಂದು ಪಾಠ ಬೆಳೆಸಿದೆ. ಪಾಠ ಚೆನ್ನಾಗಿಯೇ ಆಯಿತೆಂದು ನನ್ನ ಭಾವನೆ.

ಎಲ್ಲರೂ ಎದ್ದು ಹೋದ ಮೇಲೆ ಒಬ್ಬ ಹುಡುಗ ಮಾತ್ರ ಕುಳಿತೇ ಇದ್ದ. “ಏನಪ್ಪ?” ಎಂದೆ.

“ಸಾರ್, ಅವರು ನಮ್ಮ ಮಾವ.”

ಸ್ವಲ್ಪ ಹೊತ್ತಿನ ಮೇಲೆ ಮಿಕ್ಕದ್ದೂ ಬಂತು. ಮಾವ ಹಳ್ಳಿಯಲ್ಲಿ ದರ್ಜಿಯಾಗಿದ್ದವರು. ಊರು ಬಿಟ್ಟು ಎರಡು ವರ್ಷವಾಗಿತ್ತು. ಅವರು ಬಸ್ ನಿಲ್ದಾಣದಲ್ಲಿರುವುದನ್ನು ಹುಡುಗ ಕಂಡಿದ್ದ. ನಾಚಿಕೆಯಿಂದ ಗೆಳೆಯರಿಗೆ ಹೇಳಿರಲಿಲ್ಲ, ಮನೆಯಲ್ಲೂ ಹೇಳಿರಲಿಲ್ಲ. ಆ ದಾರಿಯನ್ನೇ ತಪ್ಪಿಸಿ ಓಡಾಡುತ್ತಿದ್ದ.

ಮರುವಾರ ಅವನ ತಾಯಿ ಬಂದರು. ಬೈಯುತ್ತಾರೆಂದುಕೊಂಡಿದ್ದೆ, ಆಕೆ ಕೈ ಮುಗಿದರು. “ಅಣ್ಣ ಎಲ್ಲಿದ್ದಾನೆ ಅಂತ ತಿಳಿದದ್ದು ನಿಮ್ಮಿಂದಲೇ ಮೇಷ್ಟ್ರೇ, ಅದಕ್ಕೆ ನಮಸ್ಕಾರ. ಆದರೆ ಅಷ್ಟು ಜನ ನಗೋ ಹಾಗೆ ಅವನನ್ನ ತೋರಿಸಬಾರದಿತ್ತು. ನಿಮಗೆ ಏನು ಬೇಕಿತ್ತೋ ಅದನ್ನ ಅವನನ್ನೇ ಕೇಳಬಹುದಿತ್ತಲ್ಲ?”

ನನ್ನಲ್ಲಿ ಉತ್ತರವಿರಲಿಲ್ಲ. ಇತಿಹಾಸದ ಮೇಷ್ಟರು ತಪ್ಪು ಮಾಡಿದಾಗ ಓಡಿಹೋಗಿ ಅವಿತುಕೊಳ್ಳುವುದು ಇತಿಹಾಸದಲ್ಲೇ. ನನಗಿಂತ ಮೊದಲು ಈ ತಪ್ಪನ್ನು ಯಾರು ಯಾರು ಮಾಡಿದ್ದಾರೆ, ಯಾರು ಅದರಿಂದ ಪಾರಾಗಿದ್ದಾರೆ ಎಂದು ಹುಡುಕುತ್ತ ಹೊರಟೆ. ಆ ಹುಡುಕಾಟದ ಕಥೆಯೇ ಈ ಲೇಖನ.

*

ಹುಚ್ಚನ್ನು ನೋಡಿ ಪಾಠ ಕಲಿಯುವ ಪದ್ಧತಿ ಚಲಚ್ಚಿತ್ರಕ್ಕಿಂತ ಹಳೆಯದು. ಲಂಡನ್ನಿನ ಬೆತ್ಲಮ್ ಆಸ್ಪತ್ರೆಯ ಬಾಗಿಲು ಬಹುಕಾಲ ಪ್ರೇಕ್ಷಕರಿಗೆ ತೆರೆದಿತ್ತು. ಹಬ್ಬದ ದಿನಗಳಲ್ಲಿ ಜನ ಗುಂಪು ಗುಂಪಾಗಿ ಬಂದು ರೋಗಿಗಳನ್ನು ನೋಡಿ ಹೋಗುತ್ತಿದ್ದರು. ಇದಕ್ಕೆ ಎರಡು ಸಮರ್ಥನೆಗಳಿದ್ದವು: ನೋಡಿದವರು ದಾನ ಕೊಡುತ್ತಾರೆ, ವಿವೇಕ ತಪ್ಪಿದವರ ಗತಿಯನ್ನು ಕಂಡು ನೀತಿ ಕಲಿಯುತ್ತಾರೆ. ಆದರೆ ಬಂದವರು ಕಲಿತದ್ದಕ್ಕಿಂತ ಕೆಣಕಿದ್ದೇ ಹೆಚ್ಚು. ಕಡೆಗೆ 1770ರಲ್ಲಿ ಆ ಮುಕ್ತಪ್ರವೇಶವನ್ನು ನಿಲ್ಲಿಸಬೇಕಾಯಿತು.

ಕ್ಯಾಮರಾ ಬಂದಾಗ ಆ ಬಾಗಿಲು ಬೇರೆ ರೂಪದಲ್ಲಿ ಮತ್ತೆ ತೆರೆಯಿತು. ಪ್ಯಾರಿಸ್ಸಿನ ಸಾಲ್ಪೆಟ್ರಿಯೇರ್ ಆಸ್ಪತ್ರೆಯಲ್ಲಿ ಶಾರ್ಕೊ ಎಂಬ ಪ್ರಸಿದ್ಧ ವೈದ್ಯರ ಆಶ್ರಯದಲ್ಲಿ, 1876ರಿಂದ 1880ರವರೆಗೆ ಉನ್ಮಾದ ರೋಗಿಣಿಯರ ಛಾಯಾಚಿತ್ರಗಳ ಸಂಪುಟಗಳು ಹೊರಬಂದವು. ಅವುಗಳಲ್ಲಿ ಅಗಸ್ಟೀನ್ ಎಂಬ ಹದಿಹರೆಯದ ಹುಡುಗಿಯ ಚಿತ್ರಗಳು ಲೋಕಪ್ರಸಿದ್ಧವಾದವು. ವೈದ್ಯಕೀಯಕ್ಕೆ ಆ ಚಿತ್ರಗಳಿಂದ ಉಪಕಾರವಾಗಲಿಲ್ಲವೆನ್ನಲಾರೆ. ಆದರೆ ಅಗಸ್ಟೀನಳ ಅಭಿಪ್ರಾಯವೇನಿತ್ತೆಂಬುದನ್ನು ಆಕೆಯ ಕೃತ್ಯವೇ ಹೇಳುತ್ತದೆ: 1880ರಲ್ಲಿ ಗಂಡಸಿನ ಉಡುಪು ತೊಟ್ಟು ಆಕೆ ಆಸ್ಪತ್ರೆಯಿಂದ ತಪ್ಪಿಸಿಕೊಂಡು ಹೋದಳು.

ಮುಂದೆ ಚಿತ್ರ ಚಲಿಸತೊಡಗಿತು. ಇಟಲಿಯ ಟ್ಯೂರಿನ್ ನಗರದಲ್ಲಿ ಕಾಮಿಲ್ಲೊ ನೆಗ್ರೊ ಎಂಬ ನರರೋಗತಜ್ಞರು 1908ರಲ್ಲಿ ತಮ್ಮ ರೋಗಿಗಳನ್ನು ಚಲಚ್ಚಿತ್ರದಲ್ಲಿ ತೋರಿಸಿದರು. ಅದರಲ್ಲಿ ಉನ್ಮಾದಕ್ಕೊಳಗಾದ ಹೆಂಗಸೊಬ್ಬಳಿದ್ದಾಳೆ; ಆಕೆಯ ಮುಖಕ್ಕೆ ಮುಖವಾಡ ಕಟ್ಟಿದೆ. ಈಗಿನ ಕಾಲದಲ್ಲಿ ಟೆಲಿವಿಷನ್ನಿನವರು ಮುಖವನ್ನು ಮಸುಕು ಮಾಡುತ್ತಾರಲ್ಲ, ಅದರ ಪೂರ್ವಜ ಇದು. ಇಂಥ ಚಿತ್ರದಲ್ಲಿ ಕಾಣಿಸಿಕೊಳ್ಳುವುದು ಮಾನದ ಪ್ರಶ್ನೆ ಎಂಬ ಅರಿವು ಆಗಲೇ ಹುಟ್ಟಿತ್ತೆಂದಾಯಿತು. ಅಷ್ಟರಮಟ್ಟಿಗೆ ಆ ವೈದ್ಯರು ನನಗಿಂತ ಮೇಲು. ಆದರೂ ಮುಖವಾಡ ಮಾನವನ್ನು ಕಾಯಬಲ್ಲುದೇ ಹೊರತು ಮಾತು ಕೊಡಲಾರದು. ಆಗಿನದು ಮೂಕಚಿತ್ರದ ಕಾಲ. ತೆರೆಯ ಮೇಲಿನವರು ಬಾಯಿ ತೆರೆಯಬೇಕಾದರೆ ಇನ್ನೂ ಇಪ್ಪತ್ತೇಳು ವರ್ಷ ಕಾಯಬೇಕಾಯಿತು.

*

ಹಾಗೆ ಬಾಯಿ ತೆರೆದವರು ರೋಗಿಗಳಲ್ಲ. ಲಂಡನ್ನಿನ ಸ್ಟೆಪ್ನಿ ಕೊಳೆಗೇರಿಯ ಬಡವರು. ಆರ್ಥರ್ ಎಲ್ಟನ್ ಮತ್ತು ಎಡ್ಗರ್ ಆನ್ಸ್ಟಿ 1935ರಲ್ಲಿ ‘ಹೌಸಿಂಗ್ ಪ್ರಾಬ್ಲಮ್ಸ್’ ಎಂಬ ಸುಮಾರು ಕಾಲು ಗಂಟೆಯ ಚಿತ್ರ ತೆಗೆದರು. ಧ್ವನಿಗ್ರಹಣದ ಭಾರಿ ಯಂತ್ರಗಳನ್ನೂ ದೀಪಗಳನ್ನೂ ಆ ಇಕ್ಕಟ್ಟಿನ ಮನೆಗಳಿಗೆ ಹೊತ್ತುಕೊಂಡು ಹೋಗಿ, ಅಲ್ಲಿದ್ದವರನ್ನೇ ನಿಲ್ಲಿಸಿ ಮಾತನಾಡಿಸಿದರು. ನಿವಾಸಿಗಳ ಸಂಕೋಚ ಬಿಡಿಸಿದವರು ರೂಬಿ ಗ್ರಿಯರ್ಸನ್. ಸಾಕ್ಷ್ಯಚಿತ್ರದ ಆದ್ಯರಲ್ಲೊಬ್ಬರಾದ ಜಾನ್ ಗ್ರಿಯರ್ಸನ್ನರ ತಂಗಿ. ಅಂಚು ಕುಸಿದ ಗೋಡೆ, ಓರೆಯಾದ ಮೆಟ್ಟಿಲು, ಹುಳುಹುಪ್ಪಟೆ, ಇವನ್ನೆಲ್ಲ ಆ ಜನ ತಮ್ಮ ಭಾಷೆಯಲ್ಲೇ ವರ್ಣಿಸುತ್ತಾರೆ. ಒಬ್ಬ ಹೆಂಗಸು ಹೆಗ್ಗಣದೊಡನೆ ತಾನು ನಡೆಸಿದ ಯುದ್ಧದ ಕಥೆಯನ್ನು ಹೇಳುವ ಉತ್ಸಾಹ ನೋಡಬೇಕು! ಕನಿಕರ ಬೇಡುವ ದೀನರಲ್ಲ ಅವರು; ತಮ್ಮ ಕಷ್ಟವನ್ನು ಚೆನ್ನಾಗಿ ಬಲ್ಲ ಸಾಕ್ಷಿಗಳು.

ಆ ಚಿತ್ರಕ್ಕೆ ಹಣ ಕೊಟ್ಟವರು ಗ್ಯಾಸ್ ವ್ಯಾಪಾರಸ್ಥರ ಸಂಘದವರು ಎಂಬುದನ್ನೂ ಹೇಳಿಬಿಡಬೇಕು. ಕೊಳೆಗೇರಿ ಹೋಗಿ ಹೊಸ ಮನೆಗಳೆದ್ದರೆ ಅವುಗಳಿಗೆ ಗ್ಯಾಸ್ ಒಲೆ ಬೇಕಲ್ಲ! ಕಷ್ಟ ಹೇಳುವಾಗ ಬಡವರ ದನಿ, ಪರಿಹಾರ ಹೇಳುವಾಗ ದೊಡ್ಡವರ ದನಿ ಎಂಬ ಕೊರತೆ ಅದರಲ್ಲಿ ಉಂಟು. ಹಾಗಿದ್ದೂ, ನೋಡಿಸಿಕೊಳ್ಳುತ್ತಿದ್ದವರು ನೋಡುವವರ ಕಣ್ಣಿಗೆ ಕಣ್ಣಿಟ್ಟು ಮಾತನಾಡಿದ್ದು ಅಂದಿನ ಕಾಲಕ್ಕೆ ದೊಡ್ಡ ಹೆಜ್ಜೆ.

ಮನೋರೋಗಿಗೆ ಆ ಅವಕಾಶ ದೊರೆತದ್ದು ಎರಡನೆಯ ಮಹಾಯುದ್ಧ ಮುಗಿದ ಮೇಲೆ. ಯುದ್ಧದಿಂದ ಮನಸ್ಸು ಮುರಿದು ಬಂದ ಸೈನಿಕರನ್ನು ಹುಚ್ಚರೆಂದು ತಿಳಿದು ಕೆಲಸ ಕೊಡದೆ ಇರಬಾರದು ಎಂದು ಜನಕ್ಕೆ ತಿಳಿಹೇಳಲು, ಅಮೆರಿಕದ ಸೈನ್ಯವೇ ಜಾನ್ ಹ್ಯೂಸ್ಟನ್ ಎಂಬ ಹೆಸರಾಂತ ನಿರ್ದೇಶಕನಿಂದ ‘ಲೆಟ್ ದೇರ್ ಬಿ ಲೈಟ್’ ಎಂಬ ಚಿತ್ರ ಮಾಡಿಸಿತು. ನ್ಯೂಯಾರ್ಕ್ ಬಳಿಯ ಲಾಂಗ್ ಐಲೆಂಡಿನ ಮೇಸನ್ ಜನರಲ್ ಆಸ್ಪತ್ರೆಯಲ್ಲಿ ತೆಗೆದದ್ದು. ಅಲ್ಲಿ ಸೈನಿಕರು ತಾವೇ ಮಾತನಾಡುತ್ತಾರೆ, ಮಾತು ತಡೆದು ಅಳುತ್ತಾರೆ, ಕಾಲೆತ್ತಲಾರದವನು ನಡೆಯುತ್ತಾನೆ. ಕರಿಯರೂ ಬಿಳಿಯರೂ ಒಂದೇ ಕೋಣೆಯಲ್ಲಿ ಕುಳಿತು ತಮ್ಮ ಭಯವನ್ನು ಹಂಚಿಕೊಳ್ಳುತ್ತಾರೆ. ಮಾಡಿಸಿದ ಸೈನ್ಯವೇ ಅದನ್ನು ನೋಡಿ ಬೆದರಿತು. 1946ರಲ್ಲಿ ಪ್ರದರ್ಶನಕ್ಕೆ ಮೊದಲೇ ಚಿತ್ರವನ್ನು ವಶಪಡಿಸಿಕೊಂಡಿತು. ಸೈನಿಕರ ಖಾಸಗಿತನವನ್ನು ಕಾಯಲು ಎಂಬುದು ಕೊಟ್ಟ ಕಾರಣ. ವೀರಯೋಧನ ಕಲ್ಪನೆಗೆ ಕುಂದು ಬರುತ್ತದೆಂಬುದೇ ನಿಜವಾದ ಕಾರಣವೆಂದು ಹ್ಯೂಸ್ಟನ್ ಕಡೆಯವರೆಗೂ ನಂಬಿದ್ದನು. ಅದರ ಬದಲಿಗೆ 1948ರಲ್ಲಿ ‘ಶೇಡ್ಸ್ ಆಫ್ ಗ್ರೇ’ ಎಂಬ ಇನ್ನೊಂದು ಚಿತ್ರ ಬಂತು. ಅದರಲ್ಲಿ ರೋಗಿಗಳಿಲ್ಲ, ನಟರು. ಕರಿಯರಿಲ್ಲ, ಬಿಳಿಯರು ಮಾತ್ರ! ಮೂಲ ಚಿತ್ರ ಸಾರ್ವಜನಿಕರಿಗೆ ದೊರೆತದ್ದು 1980ರ ಡಿಸೆಂಬರಿನಲ್ಲಿ, ಮೂವತ್ತನಾಲ್ಕು ವರ್ಷಗಳ ಬಳಿಕ.

ಇಲ್ಲಿ ನನ್ನ ಸಮಸ್ಯೆ ಇನ್ನಷ್ಟು ಗೋಜಲಾಯಿತು. ರೋಗಿಯ ಮಾನ ಕಾಯುವ ಮಾತು ಒಮ್ಮೊಮ್ಮೆ ಇತರರ ಮಾನ ಮುಚ್ಚುವ ಹೊದಿಕೆಯೂ ಆಗಬಹುದಲ್ಲ?

*

ಈ ಗೋಜಲಿನ ಪರಮಾವಧಿಯನ್ನು ಕಾಣಬೇಕಾದರೆ ಫ್ರೆಡರಿಕ್ ವೈಸ್‌ಮನ್ನನ ‘ಟಿಟಿಕಟ್ ಫಾಲೀಸ್’ ಚಿತ್ರದ ವೃತ್ತಾಂತವನ್ನು ನೋಡಬೇಕು. ಅದು ಕಿರುಚಿತ್ರವಲ್ಲ, 84 ನಿಮಿಷದ್ದು. ಆದರೆ ಅದರ ಪಾಠ ಕಿರುಚಿತ್ರಗಳಿಗೂ ಅನ್ವಯಿಸುತ್ತದೆ. ಮ್ಯಾಸಚೂಸೆಟ್ಸ್ ಸಂಸ್ಥಾನದ ಬ್ರಿಜ್‌ವಾಟರ್‌ನಲ್ಲಿದ್ದ, ಅಪರಾಧಿಗಳೆನಿಸಿದ ಮನೋರೋಗಿಗಳ ಆಸ್ಪತ್ರೆಯಲ್ಲಿ 1966ರಲ್ಲಿ ತೆಗೆದು 1967ರಲ್ಲಿ ತೋರಿಸಿದ ಚಿತ್ರ. ಬೆತ್ತಲೆ ಕೋಣೆಯಲ್ಲಿ ಬೆತ್ತಲೆ ನಿಂತ ಮುದುಕನನ್ನು ಕಾವಲುಗಾರರು ಕೆಣಕುವುದು, ಉಪವಾಸ ಹೂಡಿದವನ ಮೂಗಿಗೆ ಕೊಳವೆ ತೂರಿಸಿ ಆಹಾರ ಸುರಿಯುವುದು, ಇವೆಲ್ಲ ಮುಚ್ಚುಮರೆಯಿಲ್ಲದೆ ಅದರಲ್ಲಿವೆ. ಸಂಸ್ಥಾನ ಸರ್ಕಾರ ಕೋರ್ಟಿಗೆ ಹೋಯಿತು: ರೋಗಿಗಳು ಒಪ್ಪಿಗೆ ಕೊಡುವ ಸ್ಥಿತಿಯಲ್ಲಿರಲಿಲ್ಲ, ಅವರ ಖಾಸಗಿತನ ಭಂಗವಾಗಿದೆ ಎಂದು. 1968ರಲ್ಲಿ ನ್ಯಾಯಾಧೀಶರು ಚಿತ್ರದ ಪ್ರತಿಗಳನ್ನೇ ನಾಶಮಾಡಲು ಆಜ್ಞಾಪಿಸಿದರು. 1969ರಲ್ಲಿ ಮೇಲಿನ ಕೋರ್ಟು ಅದನ್ನು ಸಡಿಲಿಸಿ, ವೈದ್ಯರು, ವಕೀಲರು, ಸಮಾಜಸೇವಕರು, ಈ ವಿಷಯಗಳ ವಿದ್ಯಾರ್ಥಿಗಳು ಮಾತ್ರ ನೋಡಬಹುದೆಂದಿತು. ನಿರ್ಬಂಧ ಪೂರ್ಣ ತೆರವಾದದ್ದು 1991ರಲ್ಲಿ.

ಯಾರದು ಸರಿ? ಸರ್ಕಾರ ತನ್ನ ಹುಳುಕನ್ನು ಮುಚ್ಚಲು ರೋಗಿಯ ಮಾನವನ್ನು ಗುರಾಣಿಯಾಗಿ ಹಿಡಿಯಿತೆಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಆ ಬೆತ್ತಲೆ ಮುದುಕನ ಮಾತು ಈ ಜಗಳದಲ್ಲಿ ಮುಳುಗಿಹೋಯಿತೆಂದೂ ನನಗನಿಸುತ್ತದೆ.

ಇದಕ್ಕೆ ಇನ್ನೊಂದು ದಾರಿ ಇದ್ದಿತೆಂಬುದನ್ನು ಇಟಲಿಯವರು ತೋರಿಸಿದರು. ಗೊರಿಜಿಯಾ ಊರಿನ ಹುಚ್ಚಾಸ್ಪತ್ರೆಗೆ 1961ರಲ್ಲಿ ಮುಖ್ಯಸ್ಥರಾಗಿ ಬಂದ ಫ್ರಾಂಕೊ ಬಜಾಲಿಯಾ, ರೋಗಿಗಳನ್ನು ಕಟ್ಟಿಹಾಕುವುದನ್ನು ನಿಲ್ಲಿಸಿ, ದಿನವೂ ಸಭೆ ಸೇರಿಸಿ ಅವರ ಮಾತು ಕೇಳತೊಡಗಿದರು. 1968ರಲ್ಲಿ ಸೆರ್ಜಿಯೊ ಜಾವೊಲಿ ಎಂಬ ಪತ್ರಕರ್ತರು ಅಲ್ಲಿಗೆ ಹೋಗಿ ಇಟಲಿಯ ಟೆಲಿವಿಷನ್ನಿಗಾಗಿ ಅರ್ಧ ಗಂಟೆಯೊಳಗಿನ ಒಂದು ಚಿತ್ರ ತೆಗೆದರು. ‘ಆಬೆಲನ ತೋಟಗಳು’ ಎಂದು ಅದರ ಹೆಸರಿನ ಅರ್ಥ. ಅದರಲ್ಲಿ ವೈದ್ಯರಷ್ಟೇ ಸಹಜವಾಗಿ ರೋಗಿಗಳೂ ಪ್ರಶ್ನೆಗೆ ಉತ್ತರ ಕೊಡುತ್ತಾರೆ. ಮನೆಯಲ್ಲಿ ಕುಳಿತ ಇಟಲಿಯ ಜನ, ಗೋಡೆಯಾಚೆ ಇರುವವರು ತಮ್ಮಂತೆಯೇ ಮಾತನಾಡುವ ಮನುಷ್ಯರೆಂದು ಕಂಡರು. ಹತ್ತು ವರ್ಷಗಳಲ್ಲಿ, 1978ರ ಮೇ ತಿಂಗಳಲ್ಲಿ, ಹಳೆಯ ಹುಚ್ಚಾಸ್ಪತ್ರೆಗಳನ್ನು ಕ್ರಮೇಣ ಮುಚ್ಚಿಸುವ ಕಾನೂನು ಅಲ್ಲಿ ಬಂತು. ಒಂದು ಚಿತ್ರದಿಂದಲೇ ಕಾನೂನು ಬಂತೆನ್ನುವುದು ಬಾಲಿಶವಾದೀತು. ನೆಲ ಹದವಾಗುವುದಕ್ಕೆ ಅದೂ ಒಂದು ಮಳೆ.

*

ಮನೋರೋಗಕ್ಕೂ ಸೂರಿಲ್ಲದ ಬಾಳಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಅಮೆರಿಕದಲ್ಲಿ 1955ರ ಹೊತ್ತಿಗೆ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ ಸುಮಾರು 5.5 ಲಕ್ಷ ರೋಗಿಗಳಿದ್ದರು. ಹೊಸ ಔಷಧಗಳು ಬಂದವು. 1963ರಲ್ಲಿ ಕೆನೆಡಿಯವರು ಊರೂರಿಗೆ ಚಿಕಿತ್ಸಾಕೇಂದ್ರ ಕಟ್ಟುವ ಕಾನೂನು ತಂದರು. ಆಸ್ಪತ್ರೆಗಳು ಬರಿದಾದಷ್ಟು ಬೇಗ ಕೇಂದ್ರಗಳೂ ಮನೆಗಳೂ ಏಳಲಿಲ್ಲ. ಮನೆಯ ಆಸರೆಯಿಲ್ಲದ ಅನೇಕರು ಬೀದಿಗೆ ಬಂದರು. ಇನ್ನು ಕೆಲವರಿಗೆ ಬೀದಿಯ ಬಾಳೇ ಮನಸ್ಸನ್ನು ಕೆಡಿಸಿತು. ಇವೆರಡರಲ್ಲಿ ಯಾವುದು ಮೊದಲೆಂದು ಬೇರ್ಪಡಿಸುವುದು ಬಲು ಕಷ್ಟ.

ಬೀದಿಗೆ ಬೀಳುವುದು ವ್ಯಕ್ತಿಯ ದೋಷವೇ ಎಂಬ ಪ್ರಶ್ನೆಯನ್ನು ಇಡೀ ಒಂದು ದೇಶದ ಮುಂದಿಟ್ಟ ಕೀರ್ತಿ ಬಿಬಿಸಿಯ ‘ಕ್ಯಾಥಿ ಕಮ್ ಹೋಮ್’ ನಾಟಕಕ್ಕೆ ಸಲ್ಲುತ್ತದೆ. ಬರೆದವರು ಜೆರೆಮಿ ಸ್ಯಾಂಡ್‌ಫರ್ಡ್, ನಿರ್ದೇಶಿಸಿದವರು ಕೆನ್ ಲೋಚ್. 1966ರ ನವೆಂಬರ್ 16ರ ರಾತ್ರಿ ಸುಮಾರು 1.2 ಕೋಟಿ ಜನ ಅದನ್ನು ನೋಡಿದರು. ಸಾಮಾನ್ಯ ಸಂಸಾರವೊಂದು ಒಂದೊಂದೇ ಮೆಟ್ಟಿಲು ಜಾರಿ, ಕಡೆಗೆ ರೈಲ್ವೆ ನಿಲ್ದಾಣದಲ್ಲಿ ತಾಯಿಯ ಕೈಯಿಂದ ಮಕ್ಕಳನ್ನು ಕಿತ್ತುಕೊಳ್ಳುವವರೆಗಿನ ಕಥೆ. ಇಲ್ಲಿ ನಟಿಸಿದವರು ಕಲಾವಿದರು. ಆದರೆ ಕಥೆ ಕಂಡವರಿಂದ ಕೇಳಿ ಬರೆದದ್ದು. ‘ಶೆಲ್ಟರ್’ ಎಂಬ ನೆರವಿನ ಸಂಸ್ಥೆ ಮೊದಲೇ ಯೋಜಿಸಿದ್ದಂತೆ ಡಿಸೆಂಬರ್ 1ರಂದು ಆರಂಭವಾದಾಗ, ಜನರ ಮನಸ್ಸು ಕರಗಿ ನಿಂತಿತ್ತು. ಆದರೂ ಮನೆಯಿಲ್ಲದವರಿಗೆ ವಸತಿ ಕೊಡಬೇಕಾದ ಹೊಣೆಯನ್ನು ಸ್ಥಳೀಯ ಆಡಳಿತದ ಮೇಲೆ ಹೊರಿಸುವ ಕಾನೂನು ಬಂದದ್ದು 1977ರಲ್ಲಿ! ಕಣ್ಣೀರು ಒಂದು ರಾತ್ರಿಯ ಮಾತು. ಕಾನೂನಿಗೆ ಹನ್ನೊಂದು ವರ್ಷ.

*

ನಮ್ಮ ಕಡೆಗೆ ಬರೋಣ. 1948ರಲ್ಲಿ ಹುಟ್ಟಿದ ಫಿಲ್ಮ್ಸ್ ಡಿವಿಷನ್ ನಮಗೆಲ್ಲ ಪರಿಚಿತ. ಟೆಂಟ್ ಸಿನಿಮಾದಲ್ಲಿ ಕಡಲೆಕಾಯಿ ಬಿಡಿಸುತ್ತ, ‘ಯಾವಾಗ ಮುಗಿದೀತೋ’ ಎಂದು ನಾವು ಸಹಿಸಿಕೊಂಡ ಆ ಕಿರುಚಿತ್ರಗಳು ದೇಶಕ್ಕೆ ಬಹಳ ಕಲಿಸಿದವು. ಆ ಸಂಸ್ಥೆ 2022ರಲ್ಲಿ ಬೇರೊಂದರಲ್ಲಿ ವಿಲೀನವಾಯಿತು. ಆದರೆ ಕನ್ನಡಿಗರಿಗೆ ಮನೋರೋಗದ ಪಾಠ ಹೇಳಿದ್ದು ಕಿರುಚಿತ್ರಗಳಿಗಿಂತ ಹೆಚ್ಚಾಗಿ ತ್ರಿವೇಣಿಯವರ ಕಾದಂಬರಿಗಳು. ಅನಂತರ ಪುಟ್ಟಣ್ಣ ಕಣಗಾಲರು ತೆರೆಗೆ ತಂದ ‘ಶರಪಂಜರ’. ಆಸ್ಪತ್ರೆಯಿಂದ ಗುಣವಾಗಿ ಬಂದ ಕಾವೇರಿಯನ್ನು ಮತ್ತೆ ಕೆಡವಿದ್ದು ರೋಗವಲ್ಲ, ಮನೆಯವರ ನೋಟ. ಆ ಒಂದು ಮಾತನ್ನು ಅಷ್ಟು ಚೆನ್ನಾಗಿ ಹೇಳಿದ ಕನ್ನಡ ಚಿತ್ರ ಇನ್ನೊಂದು ನನಗೆ ತಿಳಿಯದು.

ನೋಟ ಎಷ್ಟು ಕ್ರೂರವಾಗಬಲ್ಲದೆಂಬುದಕ್ಕೆ ತಮಿಳುನಾಡಿನ ಏರ್ವಾಡಿ ಸಾಕ್ಷಿ. 2001ರ ಆಗಸ್ಟ್ 6ರಂದು ಅಲ್ಲಿನ ಒಂದು ಕೊಟ್ಟಿಗೆಯಂಥ ಆಶ್ರಯದಲ್ಲಿ ಬೆಂಕಿ ಬಿದ್ದಾಗ, ಸರಪಣಿಯಲ್ಲಿ ಬಿಗಿದಿದ್ದ ರೋಗಿಗಳು ಓಡಲಾರದೆ ಬೆಂದರು. 28 ಮಂದಿ ಸತ್ತರು. ಸುಪ್ರೀಂ ಕೋರ್ಟು ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. 2017ರ ಮಾನಸಿಕ ಆರೋಗ್ಯ ಕಾಯಿದೆ ಸರಪಣಿಯನ್ನು ಯಾವ ರೂಪದಲ್ಲೂ ನಿಷೇಧಿಸಿತು. ಬೀದಿಯಲ್ಲಿ ಅಲೆಯುವ ರೋಗಿಯನ್ನು ರಕ್ಷಣೆಗೆ ತೆಗೆದುಕೊಂಡು ಇಪ್ಪತ್ತನಾಲ್ಕು ಗಂಟೆಯೊಳಗೆ ಸರ್ಕಾರಿ ಆಸ್ಪತ್ರೆಗೆ ಮುಟ್ಟಿಸುವ ಹೊಣೆ ಪೊಲೀಸರದೆಂದಿತು. ನನ್ನಂಥವರು ಓದಬೇಕಾದ ಇನ್ನೊಂದು ಕಲಮೂ ಅದರಲ್ಲಿದೆ: ಚಿಕಿತ್ಸೆಯಲ್ಲಿರುವವರ ಭಾವಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಪತ್ರಿಕೆಗಳಿಗೆ ಕೊಡಬಾರದು. ಬಸ್ ನಿಲ್ದಾಣದಲ್ಲಿದ್ದ ಆ ದರ್ಜಿ ಚಿಕಿತ್ಸೆಯಲ್ಲಿರಲಿಲ್ಲ, ನಿಜ. ಆದರೆ ಆಸ್ಪತ್ರೆಯ ಒಳಗೆ ಇರುವ ಮಾನ ಹೊರಗೆ ಇಲ್ಲವೇ?

ಈ ಜನರನ್ನು ಬೇರೆ ಕಣ್ಣಿನಿಂದ ನೋಡಿದವರೂ ನಮ್ಮಲ್ಲಿದ್ದಾರೆ. ಮುಂಬಯಿಯ ವೈದ್ಯರಾದ ಭರತ್ ವಟ್ವಾನಿ, ತೆಂಗಿನ ಚಿಪ್ಪಿನಲ್ಲಿ ಚರಂಡಿ ನೀರು ಕುಡಿಯುತ್ತಿದ್ದ ಯುವಕನನ್ನು ಕರೆದೊಯ್ದು ಉಪಚರಿಸಿದಾಗ, ಆತ ಪದವೀಧರನೆಂದು ತಿಳಿಯಿತು. ಅವರೂ ಅವರ ಪತ್ನಿಯೂ 1988ರಲ್ಲಿ ಸ್ಥಾಪಿಸಿದ ‘ಶ್ರದ್ಧಾ’ ಸಂಸ್ಥೆ ಸಾವಿರಾರು ಜನರನ್ನು ಗುಣಪಡಿಸಿ ದೂರದೂರದ ಅವರ ಮನೆಗಳಿಗೆ ಮುಟ್ಟಿಸಿದೆ. ಚೆನ್ನೈಯಲ್ಲಿ ಇಬ್ಬರು ತರುಣಿಯರು, ವಂದನಾ ಗೋಪಿಕುಮಾರ್ ಮತ್ತು ವೈಷ್ಣವಿ ಜಯಕುಮಾರ್, 1993ರಲ್ಲಿ ‘ಬ್ಯಾನಿಯನ್’ ಕಟ್ಟಿದ್ದೂ ಬೀದಿಯಲ್ಲಿ ಕಂಡ ಒಬ್ಬ ರೋಗಿಣಿಯ ಕಾರಣದಿಂದಲೇ. ಇವರೆಲ್ಲರೂ ಮೊದಲು ಮಾಡಿದ ಕೆಲಸ ಹೆಸರು ಕೇಳಿದ್ದೇ ಇರಬೇಕೆಂದು ನನ್ನ ಊಹೆ.

*

ಹೆಸರು ಕೇಳಿ ಮಾತಿಗೆ ಕೂರಿಸುವ ವಿಡಿಯೊಗಳೂ ಈಗ ಬಂದಿವೆ. ಹಿಂದೊಮ್ಮೆ ತಾನೇ ಮನೆಯಿಲ್ಲದೆ ಅಲೆದಿದ್ದ ಮಾರ್ಕ್ ಹೋರ್ವಾತ್ ಎಂಬಾತ 2008ರಲ್ಲಿ ಲಾಸ್ ಏಂಜಲೀಸಿನಲ್ಲಿ ಸಣ್ಣ ಕ್ಯಾಮರಾ ಹಿಡಿದು ಬೀದಿಯವರನ್ನು ಮಾತನಾಡಿಸತೊಡಗಿದ. ‘ನಿಮಗೆ ಮೂರು ವರ ಸಿಕ್ಕರೆ ಏನು ಕೇಳುತ್ತೀರಿ?’ ಎನ್ನುವುದು ಆತನ ವಾಡಿಕೆಯ ಪ್ರಶ್ನೆ. ಆಂಧ್ರದ ಪಶ್ಚಿಮ ಗೋದಾವರಿ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಒಂದು ಪ್ರಯೋಗದಲ್ಲಿ, ಕಾಯಿಲೆ ಅನುಭವಿಸಿದ ವ್ಯಕ್ತಿಯೇ ತನ್ನ ಕಥೆ ಹೇಳುವ ವಿಡಿಯೊವನ್ನು ಜನಕ್ಕೆ ತೋರಿಸಿದರು. ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು 2021ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸ್ಕಿಜೊಫ್ರೇನಿಯಾ ಇರುವ ತರುಣಿಯೊಬ್ಬಳು ತನ್ನ ಬಾಳನ್ನು ತಾನೇ ಹೇಳಿಕೊಂಡ ಒಂದೂವರೆ ನಿಮಿಷದ ವಿಡಿಯೊ, ಅದೇ ಮಾತುಗಳನ್ನು ಬರಹದಲ್ಲಿ ಓದಿದ್ದಕ್ಕಿಂತ ಹೆಚ್ಚಾಗಿ ನೋಡಿದವರ ಪೂರ್ವಗ್ರಹವನ್ನು ತಗ್ಗಿಸಿತು. ಹೊಟ್ಟೆಗಿಲ್ಲದ ಹಳ್ಳಿಯ ಹೆಣ್ಣುಮಗಳು ನನ್ನೆದುರು ಕೈಮುಗಿದು ಹೇಳಿದ್ದೂ ಇದನ್ನೇ ಅಲ್ಲವೆ? ಅವನನ್ನೇ ಕೇಳಬಹುದಿತ್ತಲ್ಲ?

ಹಾಗೆಂದು ಎಲ್ಲವೂ ವಿಡಿಯೊದಿಂದ ಆದೀತೆಂದು ಹಿಗ್ಗಬೇಕಾಗಿಲ್ಲ. ಬೆಂಗಳೂರಿನ ನಿಮ್ಹಾನ್ಸ್ 2015–16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಕಾಯಿಲೆಗೆ ತಕ್ಕಂತೆ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆಯೇ ದೊರೆಯುತ್ತಿರಲಿಲ್ಲ. 2011ರ ಜನಗಣತಿಯಲ್ಲಿ ಸೂರಿಲ್ಲದವರು 17.7 ಲಕ್ಷ. ಮನಸ್ಸು ಕರಗಿದವನಿಗೆ ಮುಂದೇನು ಮಾಡಬೇಕೆಂದೂ ತಿಳಿದಿರಬೇಕು. 2022ರ ಅಕ್ಟೋಬರಿನಲ್ಲಿ ಆರಂಭವಾದ ‘ಟೆಲಿ ಮಾನಸ್’ ಸಹಾಯವಾಣಿಯ ಸಂಖ್ಯೆ 14416 ಎಂಬುದನ್ನು ಈಗ ನಾನು ಪ್ರತಿ ಪಾಠದ ಕೊನೆಗೆ ಕಪ್ಪುಹಲಗೆಯ ಮೇಲೆ ಬರೆಯುತ್ತೇನೆ.

ಆ ದರ್ಜಿಯ ವಿಷಯ ಹೇಳಿ ಮುಗಿಸುತ್ತೇನೆ. ತಂಗಿ ಅವರನ್ನು ಆಸ್ಪತ್ರೆಗೆ ಸೇರಿಸಿದರು. ಎಂಟು ತಿಂಗಳ ಮೇಲೆ ಹಳ್ಳಿಗೆ ಹೋಗಿದ್ದೆ. ಜಗಲಿಯ ಮೇಲೆ ಯಂತ್ರದ ಮುಂದೆ ಕುಳಿತು ಹಳೆಯ ಅಂಗಿಯೊಂದಕ್ಕೆ ಗುಂಡಿ ಹಚ್ಚುತ್ತಿದ್ದರು. ಕ್ಷಮೆ ಕೇಳಿದೆ. ಆಮೇಲೆ, ಬುದ್ಧಿ ಬಂದವನಂತೆ, ಒಪ್ಪಿಗೆಯನ್ನೂ ಕೇಳಿದೆ: “ನೀವೇ ಎರಡು ಮಾತು ಹೇಳಿದರೆ ಹುಡುಗರಿಗೆ ತೋರಿಸುತ್ತೇನೆ.”

ಅವರು ದಾರ ಕಚ್ಚಿ ತುಂಡರಿಸಿ ನಕ್ಕರು. “ಬೇಡಿ ಮೇಷ್ಟ್ರೇ. ಒಂದು ಸಲ ತೆಗೆದದ್ದೇ ಇನ್ನೂ ಎಷ್ಟು ಜನರ ಹತ್ತಿರ ಇದೆಯೋ!”

ಒತ್ತಾಯಿಸಲಿಲ್ಲ. ಕೇಳುವುದೆಂದರೆ ಬೇಡವೆಂಬ ಉತ್ತರಕ್ಕೂ ಸಿದ್ಧವಾಗಿರುವುದು ಎಂದು ಆ ದಿನ ತಿಳಿಯಿತು. ಈಗ ಮನಸ್ಸಿನ ಕಾಯಿಲೆಯ ಪಾಠಕ್ಕೆ, ತಾವಾಗಿ ಒಪ್ಪಿ ಮಾತನಾಡಿದವರ ಚಿತ್ರಗಳನ್ನಷ್ಟೇ ತೋರಿಸುತ್ತೇನೆ. ಅನಂತರ, ನಮ್ಮೂರಿನದೇ ಒಂದು ವಿಡಿಯೊ ಉಂಟು, ಅದನ್ನು ನಾನು ತೋರಿಸುವುದಿಲ್ಲ, ಏಕೆಂದರೆ ಅದರಲ್ಲಿರುವವರು ಬೇಡವೆಂದಿದ್ದಾರೆ ಎನ್ನುತ್ತೇನೆ. ಮೊದಲ ಸಲ ಹಾಗೆ ಹೇಳಿದ ದಿನ, ಹಿಂದಿನ ಸಾಲಿನಲ್ಲಿ ನಾಲ್ಕೈದು ಹುಡುಗರು ತಲೆತಗ್ಗಿಸಿ ಮೊಬೈಲು ತೆಗೆದರು. ಪಾಠದ ನಡುವೆ ಮೊಬೈಲು ಮುಟ್ಟಬಾರದೆಂಬುದು ನನ್ನ ಕಟ್ಟುನಿಟ್ಟು. ಅವರು ಅದನ್ನು ಅಳಿಸಿ ಮುಗಿಸುವವರೆಗೆ ನಾನು ಕಿಟಕಿಯ ಕಡೆ ನೋಡುತ್ತ ನಿಂತೆ.